ಶಬ್ದಮಾಲಿನ್ಯ: ಕಿವಿಗೆ ರೆಪ್ಪೆಯಿಲ್ಲ

ಮಾರ್ಚ್ ಬಂತೆಂದರೆ ನಮ್ಮ ಊರುಗಳಲ್ಲಿ ಎರಡು ಕಾಲಗಳು ಒಟ್ಟಿಗೆ ಬರುತ್ತವೆ. ಒಂದು ಪರೀಕ್ಷೆಯ ಕಾಲ. ಇನ್ನೊಂದು ಜಾತ್ರೆ, ಮದುವೆ, ಉತ್ಸವಗಳ ಕಾಲ. ಪುಸ್ತಕ ತೆರೆದು ಕುಳಿತ ನಿಮ್ಮ ಕೋಣೆಗೆ ಬೀದಿಯ ಕೊನೆಯ ಮೈಕಿನ ಹಾಡು ಕೇಳದೆಯೇ ಬಂದುಬಿಡುತ್ತದೆ. ಬೇಡವಾದದ್ದು ಕಂಡರೆ ಕಣ್ಣು ಮುಚ್ಚಬಹುದು; ಕಿವಿಗೆ ರೆಪ್ಪೆಯಿಲ್ಲ. ನಾವು ನಿದ್ರಿಸುವಾಗಲೂ ಅದು ತೆರೆದೇ ಇರುತ್ತದೆ. "ಸ್ವಲ್ಪ ಗಲಾಟೆ ತಾನೆ? ಅಭ್ಯಾಸವಾದರೆ ಸರಿಹೋಗುತ್ತದೆ" ಎನ್ನುವವರುಂಟು. ನಿಜಕ್ಕೂ ಸರಿಹೋಗುತ್ತದೆಯೇ?

ರೈಲುಹಳಿಯ ಪಕ್ಕದ ತರಗತಿ

ಈ ಪ್ರಶ್ನೆಗೆ ಅಮೆರಿಕದ ನ್ಯೂಯಾರ್ಕ್ ನಗರದ ಒಂದು ಶಾಲೆಯಲ್ಲಿ ಸ್ಪಷ್ಟ ಉತ್ತರ ದೊರೆಯಿತು. ಶಾಲೆಯ ಒಂದು ಮಗ್ಗುಲಲ್ಲಿ ಕಂಬಗಳ ಮೇಲೆ ಹಾದುಹೋಗುವ ರೈಲುಮಾರ್ಗವಿತ್ತು. ರೈಲು ಬಂದಾಗಲೆಲ್ಲ ಆ ಕಡೆಯ ತರಗತಿಗಳಲ್ಲಿ ಪಾಠ ನಿಲ್ಲುತ್ತಿತ್ತು. ಇನ್ನೊಂದು ಮಗ್ಗುಲಿನ ತರಗತಿಗಳು ಶಾಂತವಾಗಿದ್ದವು. ಮನೋವಿಜ್ಞಾನಿ ಆರ್ಲೀನ್ ಬ್ರೊನ್ಜಾಫ್ಟ್ ಅವರು ಸಹೋದ್ಯೋಗಿಯೊಡನೆ ಎರಡೂ ಕಡೆಯ ಮಕ್ಕಳ ಓದುವ ಸಾಮರ್ಥ್ಯವನ್ನು ಹೋಲಿಸಿ, 1975ರಲ್ಲಿ ಫಲಿತಾಂಶ ಪ್ರಕಟಿಸಿದರು. ಗದ್ದಲದ ಕಡೆಯ ಮಕ್ಕಳು ಸುಮಾರು ಒಂದು ವರ್ಷದವರೆಗೂ ಹಿಂದೆ ಬಿದ್ದಿದ್ದರು! ಆಮೇಲೆ ಹಳಿಗಳಿಗೆ ರಬ್ಬರ್ ಮೆತ್ತೆ ಹಾಕಲಾಯಿತು; ತರಗತಿಗಳ ಚಾವಣಿಗೆ ಶಬ್ದ ಹೀರುವ ಹಲಗೆ ಹೊದಿಸಲಾಯಿತು. 1981ರಲ್ಲಿ ಪ್ರಕಟವಾದ ಮರುಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಗದ್ದಲಕ್ಕೆ ಹೊಂದಿಕೊಂಡೆವೆಂದು ನಾವು ಅಂದುಕೊಂಡರೂ ಕಲಿಕೆ ಹೊಂದಿಕೊಳ್ಳುವುದಿಲ್ಲ. ಗದ್ದಲ ತಗ್ಗಿಸಿದರೆ ಕಲಿಕೆ ಚೇತರಿಸಿಕೊಳ್ಳುತ್ತದೆ. ಆದರೆ ಕಿವಿಯ ಮಾತು ಹಾಗಲ್ಲ.

ಡೆಸಿಬೆಲ್ ಎಂಬ ಲೆಕ್ಕ

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಪಿಸುಮಾತು ಸುಮಾರು 30 ಡೆಸಿಬೆಲ್, ಸಾಧಾರಣ ಮಾತು ಸುಮಾರು 60. ಈ ಲೆಕ್ಕದಲ್ಲಿ 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಹಾಗಾದರೆ 60ರಿಂದ 90ಕ್ಕೆ ಏರಿದಾಗ? ಹತ್ತು, ನೂರು, ಸಾವಿರ ಪಟ್ಟು! ಕಿವಿಗೆ ಮಾತ್ರ ಅದು ಏಳೆಂಟು ಪಟ್ಟು ಜೋರಾದಂತೆ ಅನ್ನಿಸುತ್ತದೆ. ಅಪಾಯ ಎಷ್ಟು ಬೆಳೆದಿದೆಯೆಂಬುದು ನಮ್ಮ ಅರಿವಿಗೆ ಬಾರದಿರುವುದು ಇದರಿಂದಲೇ.

ಒಳಗಿವಿಯಲ್ಲಿ ಸಾವಿರಾರು ಸೂಕ್ಷ್ಮ ರೋಮಕೋಶಗಳಿವೆ. ಶಬ್ದದ ಅಲೆಗೆ ಅವುಗಳ ರೋಮಗಳು ಗಾಳಿಗೆ ಬಾಗುವ ಭತ್ತದ ಪೈರಿನಂತೆ ಬಾಗಿ ಏಳುತ್ತವೆ. ಬಿರುಗಾಳಿ ಬೀಸಿದರೆ ಪೈರು ನೆಲಕಚ್ಚುತ್ತದೆ. ಗದ್ದೆಯಲ್ಲಾದರೆ ಮುಂದಿನ ಮಳೆಗಾಲಕ್ಕೆ ಮತ್ತೆ ನಾಟಿ ಮಾಡಬಹುದು. ಕಿವಿಯಲ್ಲಿ ಎರಡನೆಯ ಬೆಳೆಯಿಲ್ಲ. ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸ್ವರಗಳನ್ನು ಗ್ರಹಿಸುವ ಶಕ್ತಿ. ಆಗ 'ಸ', 'ಶ'ದಂಥ ವ್ಯಂಜನಗಳು ಮಸುಕಾಗಿ, ಮಾತು ಕೇಳಿಸಿದರೂ ತಿಳಿಯದಂತಾಗುತ್ತದೆ.

ಮಟ್ಟದಷ್ಟೇ ಅವಧಿಯೂ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಬಸ್ಸಿನ ಸದ್ದನ್ನು ಮೀರಿಸಲು ಇಯರ್‌ಫೋನಿನ ಧ್ವನಿ ಏರಿಸುವ ಗೆಳೆಯರು ಈ ಲೆಕ್ಕವನ್ನು ನೆನಪಿಡಬೇಕು. ಹಾಡು ನಿಂತ ಮೇಲೂ ಕಿವಿ ಗುಂಯ್‌ಗುಟ್ಟಿದರೆ ಅದು ಎಚ್ಚರಿಕೆಯ ಗಂಟೆ. ಹಾಗೆ ಮರುಕಳಿಸುತ್ತಿದ್ದರೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾಗಿದೆ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಸರ್ಕಾರ 2000ದಲ್ಲಿ ಜಾರಿಗೆ ತಂದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಮಿತಿ 50 ಮತ್ತು 40. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಹರಿದಿನಗಳಿಗಾಗಿ ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ನಡುರಾತ್ರಿ 12ರವರೆಗೆ ವಿನಾಯಿತಿ ನೀಡಬಹುದು. ಅನಗತ್ಯವಾಗಿ ಹಾರ್ನ್ ಮಾಡಿದರೆ ದಂಡ ವಿಧಿಸಲು ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿ ಅವಕಾಶ ಕೊಟ್ಟಿದೆ. ಮೊದಲ ಸಲಕ್ಕೆ 1,000 ರೂಪಾಯಿ, ಮತ್ತೆ ತಪ್ಪಿದರೆ 2,000. ರಾತ್ರಿ ಮೈಕಿನ ಕಾಟವಿದ್ದರೆ 112ಕ್ಕೆ ದೂರವಾಣಿ ಮಾಡಿ ಪೊಲೀಸರಿಗೆ ತಿಳಿಸಬಹುದು.

ನಾವೇನು ಮಾಡಬಹುದು?

ಶಬ್ದವನ್ನು ಮೂರು ಕಡೆ ತಡೆಯಬಹುದು: ಹುಟ್ಟುವಲ್ಲಿ, ಹಾದಿಯಲ್ಲಿ, ಕಿವಿಯಲ್ಲಿ. ಕಿವಿಗೆ ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಹಾದಿಯಲ್ಲಿ ಗಟ್ಟಿ ಗೋಡೆ ತಡೆಯುತ್ತದೆ. ಒಂದೆರಡು ಸಾಲು ಮರ ನೆರಳು ಕೊಟ್ಟರೂ ಶಬ್ದವನ್ನು ಅಷ್ಟಾಗಿ ತಡೆಯದು. ಅಗ್ಗವೂ ಖಚಿತವೂ ಆದ ದಾರಿಯೆಂದರೆ ಹುಟ್ಟುವಲ್ಲೇ ತಗ್ಗಿಸುವುದು.

ಸಭೆಗಳ ಮೈಕನ್ನೇ ನೋಡಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಸಾಲಿಗೂ ಕೇಳಲೆಂದು ವೇದಿಕೆಯ ಬಳಿ ದೊಡ್ಡ ಸ್ಪೀಕರನ್ನು ಅಬ್ಬರಿಸಿದರೆ ಮುಂದಿನ ಸಾಲಿನವರ ಕಿವಿಗೂ ಪಕ್ಕದ ಬೀದಿಗೂ ಪೆಟ್ಟು. ಅದರ ಬದಲು ಸಣ್ಣ ಸ್ಪೀಕರುಗಳನ್ನು ಜನರ ನಡುವೆ ಅಲ್ಲಲ್ಲಿಟ್ಟು, ಕೆಳಮುಖವಾಗಿ ಸಭಿಕರತ್ತ ತಿರುಗಿಸಿ. ಕಡಿಮೆ ಧ್ವನಿಯಲ್ಲೇ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದೆ. ತರಗತಿಯಲ್ಲಿ ಕುರ್ಚಿ, ಬೆಂಚುಗಳ ಕಾಲಿಗೆ ರಬ್ಬರ್ ಬಿರಡೆ ಹಾಕಿ. ಬೈಕಿನ ಸೈಲೆನ್ಸರ್ ಬದಲಿಸಿ ಗುಡುಗಿಸಬೇಡಿ. ಮನೆಯಲ್ಲಿ ಟಿ.ವಿ. ಧ್ವನಿ ಕೋಣೆಯ ಬಾಗಿಲು ದಾಟದಿರಲಿ. ನಮ್ಮ ಕಾರ್ಯಕ್ರಮಕ್ಕೂ ಈ ಮಾತು ಅನ್ವಯಿಸುತ್ತದೆ.

ಕಾಲೇಜು ದಿನಾಚರಣೆ, ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಮೈಕಿನ ವ್ಯವಸ್ಥೆ ನೋಡಿಕೊಳ್ಳುವವರು ಬಹುಮಟ್ಟಿಗೆ ನಿಮ್ಮ ವಯಸ್ಸಿನವರೇ. ಸ್ಪೀಕರ್ ಕಟ್ಟುವ ಮೊದಲು ಆ ಬೀದಿಯಲ್ಲೊಮ್ಮೆ ನಡೆದು ಬನ್ನಿ. ಯಾವ ಮನೆಯಲ್ಲಿ ಹಸುಗೂಸಿದೆ, ಯಾರು ಕಾಯಿಲೆಯಿಂದ ಮಲಗಿದ್ದಾರೆ, ಯಾವ ಕಿಟಕಿಯ ಹಿಂದೆ ಎಸ್ಸೆಸ್ಸೆಲ್ಸಿಯ ಹುಡುಗಿ ಓದುತ್ತಿದ್ದಾಳೆ ಎಂದು ವಿಚಾರಿಸಿ. ಆಮೇಲೆ ಸ್ಪೀಕರಿನ ದಿಕ್ಕನ್ನೂ ಧ್ವನಿಯನ್ನೂ ಗೊತ್ತುಮಾಡಿ.