ನಕ್ಷೆಯ ಕಂದು ಗೆರೆಗಳು ಹೇಳುವುದೇನು?

ಮನೆ ಕೊಳ್ಳುವಾಗ ನಾವು ಸಾಲದ ಬಡ್ಡಿದರ, ರೈಲು ನಿಲ್ದಾಣದ ದೂರ, ಮಕ್ಕಳ ಶಾಲೆ ಎಲ್ಲವನ್ನೂ ವಿಚಾರಿಸುತ್ತೇವೆ. ಆ ನೆಲ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಾತ್ರ ಕೇಳುವುದಿಲ್ಲ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅದರಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಕಂದು ಗೆರೆಗಳೇ ಸಮೋನ್ನತ ರೇಖೆಗಳು. ಅವು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ದೂರ ದೂರವಿದ್ದರೆ ಸಮತಟ್ಟಾದ ನೆಲ.

ಮಾಥೇರಾನ್ ಬೆಟ್ಟದ ಮಗ್ಗುಲಲ್ಲಿ ಒತ್ತಾಗಿರುವ ಈ ರೇಖೆಗಳು ಬದ್ಲಾಪುರ, ಕಲ್ಯಾಣಗಳ ಬಯಲಿನಲ್ಲಿ ವಿರಳವಾಗುತ್ತವೆ. ಸಹ್ಯಾದ್ರಿಯಿಂದ ರಭಸವಾಗಿ ಇಳಿದ ಉಲ್ಹಾಸ್ ನದಿ ಇಲ್ಲಿ ವೇಗ ಕಳೆದುಕೊಂಡು ಅಗಲಕ್ಕೆ ಹರಡುತ್ತದೆ. ಆಗ ಖಾಡಿಯಲ್ಲಿ ಸಮುದ್ರದ ಉಬ್ಬರವೂ ಇದ್ದರೆ ನೀರು ಹೊರಹೋಗಲು ತಡವಾಗುತ್ತದೆ.

2005ರ ಜುಲೈ 26ರ ಮಹಾಮಳೆಯನ್ನು ಕಲ್ಯಾಣ, ಡೊಂಬಿವಲಿಯ ನಾವು ಮರೆತಿಲ್ಲ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಬಳಿ ಇದೇ ನದಿಯ ನೆರೆಯಲ್ಲಿ ಸಿಲುಕಿತು. ಸುಮಾರು ಸಾವಿರ ಪ್ರಯಾಣಿಕರನ್ನು ರಕ್ಷಿಸಬೇಕಾಯಿತು.

ಮಳೆಯನ್ನು ತಡೆಯುವುದು ನಮ್ಮಿಂದಾಗದು. ಆದರೆ ನೀರು ಹಿಡಿಯುವ ದಾರಿಯನ್ನು ನಕ್ಷೆ ಮೊದಲೇ ತೋರಿಸುತ್ತದೆ. ಒಂದು ರಜಾದಿನ ಮಕ್ಕಳೊಡನೆ ಕುಳಿತು, ನಮ್ಮ ಮನೆ ಯಾವ ಗೆರೆಯ ಕೆಳಗಿದೆ, ನದಿಗೆ ಎಷ್ಟು ಸಮೀಪವಿದೆ ಎಂದು ನೋಡೋಣ. ಮನೆಯ ಕಾಗದಪತ್ರಗಳಷ್ಟೇ ಅದೂ ಮುಖ್ಯ.