ಶಾಸಕರ ಕೈಗೆ ಕೊಟ್ಟ ಮನವಿ ಎಲ್ಲಿಗೆ ಹೋಗುತ್ತದೆ?

ಶಾಸಕರು ಊರಿಗೆ ಬಂದ ದಿನ ಹಾರ, ಶಾಲು, ಫೋಟೊ ಎಲ್ಲ ಮುಗಿದ ಮೇಲೆ ಹಿರಿಯರೊಬ್ಬರು ಮುಂದೆ ಬಂದು ಮಡಚಿದ ಕಾಗದವನ್ನು ಅವರ ಕೈಗಿಡುತ್ತಾರೆ. 'ಆಯ್ತು, ಮಾಡಿಸೋಣ' ಎಂಬ ಮಾತು ಬರುತ್ತದೆ. ಕಾಗದ ಆಪ್ತ ಸಹಾಯಕರ ಕೈ ಸೇರಿ, ಅಂಥದೇ ಕಾಗದಗಳ ಕಟ್ಟಿನೊಳಗೆ ಕಾರು ಹತ್ತುತ್ತದೆ. ವರ್ಷ ಕಳೆದ ಮೇಲೆ ಊರಿನವರು 'ಮನವಿ ಕೊಟ್ಟಿದ್ದೆವು, ಏನೂ ಆಗಲಿಲ್ಲ' ಎಂದು ನೊಂದುಕೊಳ್ಳುತ್ತಾರೆ. ಅವರ ನೋವು ನಿಜ. ಆದರೆ ಆ ಕಾಗದದ ನಕಲು ಊರಿನಲ್ಲಿ ಯಾರ ಬಳಿಯೂ ಇರುವುದಿಲ್ಲ, ಕೆಲಸ ಯಾವ ಇಲಾಖೆಯದು ಎಂದು ಅದರಲ್ಲಿ ಬರೆದಿರುವುದೂ ಇಲ್ಲ.

ಮಲೆನಾಡಿನ ಒಂದು ಹಳ್ಳಿಯನ್ನು ನೆನೆಯೋಣ. ಹಳ್ಳದ ಆಚೆ ಹದಿನೈದು ಮನೆ, ಈಚೆ ಶಾಲೆ. ನಡುವೆ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕ. ಆಷಾಢದ ಮಳೆಯಲ್ಲಿ ಮಗುವನ್ನು ಅದರ ಮೇಲೆ ದಾಟಿಸುವ ತಾಯಿಯ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ದಾಟಿಸಿದವರಿಗೇ ಗೊತ್ತು. ಈ ಊರಿಗೆ ಕಾಂಕ್ರೀಟಿನದೊಂದು ಪುಟ್ಟ ಸೇತುವೆ ಬೇಕು. ಯಾರನ್ನು ಕೇಳಬೇಕು?

ಮೊದಲು ದಾರಿ ಯಾರದು ಎಂದು ತಿಳಿದುಕೊಳ್ಳಬೇಕು. ಊರೊಳಗಿನ ದಾರಿ ಗ್ರಾಮ ಪಂಚಾಯಿತಿಯದು, ಗ್ರಾಮೀಣ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ತಪ್ಪು ಕಚೇರಿಗೆ ಹೋದ ಅರ್ಜಿ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದು ಸಾಲು ಹೊತ್ತು ಮರಳುತ್ತದೆ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ.

ಶುರು ಮಾಡಬೇಕಾದದ್ದು ಗ್ರಾಮಸಭೆಯಿಂದ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ಇದೆ. ಈ ಸಭೆಗಳಿಗೆ ಜನ ಬರುವುದಿಲ್ಲ, ಬಂದವರೂ ಮನೆ ಹಂಚಿಕೆಯ ಮಾತು ಮುಗಿದರೆ ಎದ್ದುಬಿಡುತ್ತಾರೆ. ಹದಿನೈದು ಮನೆಯವರೂ ಹೋಗಿ, ಸೇತುವೆಯ ಬೇಡಿಕೆ ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಕೂತಿದ್ದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ (ಪಿಡಿಒ) ಅದರ ದೃಢೀಕೃತ ನಕಲು ಪಡೆಯಬೇಕು. ಮುಂದೆ ಯಾವ ಬಾಗಿಲಿಗೆ ಹೋದರೂ ನಿಮ್ಮ ಜೊತೆ ಇಡೀ ಊರಿನ ನಿರ್ಣಯವೇ ಬರುತ್ತದೆ.

ಮಲೆನಾಡಿನಲ್ಲಿ ಗ್ರಾಮಸಭೆಯ ನಿರ್ಣಯಕ್ಕೆ ಇನ್ನೊಂದು ಬಲವಿದೆ. ಅರಣ್ಯ ಭೂಮಿ ಎಂದು ಕೆಲಸ ನಿಂತುಬಿಡುವುದು ಇಲ್ಲಿ ತೀರ ಸಾಮಾನ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ, ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಸೇರಿದಂತೆ ಹದಿಮೂರು ಬಗೆಯ ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ದಾರಿ ಮಾಡಿಕೊಟ್ಟಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಗ್ರಾಮಸಭೆಯ ಶಿಫಾರಸು ಇರಲೇಬೇಕು. ಇದು ಗೊತ್ತಿಲ್ಲದೆ ಎಷ್ಟೋ ಊರುಗಳು 'ಫಾರೆಸ್ಟಿನವರು ಬಿಡಲ್ಲ' ಎಂದು ಕೈಚೆಲ್ಲಿವೆ.

ಇನ್ನು ದುಡ್ಡಿನ ವಿಚಾರ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರದ್ದು 5 ಕೋಟಿ. ಸಂಸದರ ಹಣ ದೊಡ್ಡದಾಗಿ ಕಂಡರೂ ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ. ಸಮನಾಗಿ ಹಂಚಿದರೆ ಒಂದೊಂದಕ್ಕೆ ಬರುವುದು ಸುಮಾರು 62 ಲಕ್ಷ. ಸಂಸದರಾಗಲಿ ಶಾಸಕರಾಗಲಿ ಈ ನಿಧಿಯಿಂದ ನೇರವಾಗಿ ಹಣ ಕೊಡುವುದಿಲ್ಲ; ಅವರದು ಶಿಫಾರಸು, ಮಂಜೂರಾತಿ ಜಿಲ್ಲಾಡಳಿತದ್ದು. ಆದ್ದರಿಂದ 'ಸೇತುವೆ ಮಾಡಿಸಿಕೊಡಿ' ಎಂದು ಕೇಳುವುದಕ್ಕಿಂತ, ಕಿರಿಯ ಇಂಜಿನಿಯರರನ್ನು ಸ್ಥಳಕ್ಕೆ ಕರೆಸಿ, ಅಂದಾಜು ಪಟ್ಟಿ ಮಾಡಿಸಿ, 'ಇಷ್ಟು ಲಕ್ಷದ ಕೆಲಸ, ತಮ್ಮ ಶಿಫಾರಸು ಪತ್ರ ಬೇಕು' ಎಂದು ಕೇಳುವುದೇ ಸರಿಯಾದ ದಾರಿ. ಅರ್ಧ ಕೆಲಸ ಮುಗಿಸಿ ತಂದವರನ್ನು ಬರಿಗೈಯಲ್ಲಿ ಕಳಿಸುವುದು ಯಾವ ಜನಪ್ರತಿನಿಧಿಗೂ ಕಷ್ಟ.

ಮನವಿ ಒಂದೇ ಪುಟದ್ದಿರಲಿ, ಅದರಲ್ಲಿ ಒಂದೇ ಬೇಡಿಕೆ ಇರಲಿ. ಸೇತುವೆಯ ಜೊತೆ ಬಸ್ಸು, ಟವರ್, ಸಮುದಾಯ ಭವನ ಎಲ್ಲ ಸೇರಿದರೆ ಸುಲಭದ್ದೊಂದನ್ನು ಮಾಡಿ ಉಳಿದದ್ದನ್ನು ಬಿಡಲು ನೀವೇ ದಾರಿ ತೋರಿಸಿದಂತೆ. ಎಷ್ಟು ಮನೆ, ಎಷ್ಟು ಮಕ್ಕಳು, ಮಳೆಗಾಲದಲ್ಲಿ ಎಷ್ಟು ದಿನ ದಾಟಲಾಗುವುದಿಲ್ಲ, ಸರ್ವೆ ನಂಬರ್ ಯಾವುದು, ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಇದೆಯೇ ಎಂಬುದನ್ನು ಬರೆಯಿರಿ. ಗ್ರಾಮಸಭೆಯ ನಿರ್ಣಯ, ತುಂಬಿದ ಹಳ್ಳದ ಫೋಟೊ ಲಗತ್ತಿಸಿ. ಸಮಾರಂಭದ ಗದ್ದಲದಲ್ಲಿ ಕೊಡದೆ ಕಚೇರಿಗೆ ಹೋಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಐದಾರು ಜನ ಹೋದರೆ ಸಾಕು, ಆದರೆ ಆ ಐದಾರರಲ್ಲಿ ಮಕ್ಕಳನ್ನು ದಾಟಿಸುವ ತಾಯಂದಿರು ಇರಲೇಬೇಕು. ಬೇರೆ ಬೇರೆ ಪಕ್ಷಗಳ ಕಾರ್ಯಕರ್ತರು ಒಟ್ಟಿಗೆ ಹೋದರೆ ಇನ್ನೂ ಒಳ್ಳೆಯದು; 'ಅವರ ಕಡೆಯವರು' ಎಂದು ತಳ್ಳಿಹಾಕುವ ಅವಕಾಶ ಅಲ್ಲಿಗೇ ಮುಗಿಯಿತು.

ಇಷ್ಟಾದರೂ ಕಡತ ಅಲ್ಲಾಡದಿದ್ದರೆ ಮಾಹಿತಿ ಹಕ್ಕು ಇದೆ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರದ ಅರ್ಜಿ. 'ನಮ್ಮ ಮನವಿಯ ಮೇಲೆ ಕೈಗೊಂಡ ಕ್ರಮದ ದಾಖಲೆ ಕೊಡಿ' ಎಂದು ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ತಾಲ್ಲೂಕಿನಲ್ಲಿ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಮುಂಚೆ ಈ ಉತ್ತರದ ನಕಲನ್ನು ಅವರಿಗೆ ತಲುಪಿಸಿ. ಅಧಿಕಾರಿಗಳೆಲ್ಲ ಎದುರಿಗೇ ಕೂತಿರುವ ಆ ಸಭೆಯಲ್ಲಿ ಶಾಸಕರು ಕೇಳುವ ಒಂದು ಪ್ರಶ್ನೆಗೆ ಇರುವ ತೂಕ ಹತ್ತು ಪತ್ರಗಳಿಗಿಲ್ಲ.

ನಮ್ಮ ಜನ ಅತಿ ಕಡಿಮೆ ಬಳಸುವ ಬಾಗಿಲು ಸದನದ್ದು. ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. 'ಈ ತಾಲ್ಲೂಕಿನಲ್ಲಿ ಶಾಲೆಗೆ ಹೋಗುವ ದಾರಿಯ ಕಾಲುಸಂಕಗಳೆಷ್ಟು, ಅವುಗಳಲ್ಲಿ ಎಷ್ಟಕ್ಕೆ ಸೇತುವೆ ಮಂಜೂರಾಗಿದೆ, ಉಳಿದವು ಯಾವಾಗ?' ಎಂದು ಪ್ರಶ್ನೆಯನ್ನು ನೀವೇ ಬರೆದು, ಅಧಿವೇಶನಕ್ಕೆ ತಿಂಗಳು ಮೊದಲೇ ಕೊಡಿ. ಆಡಳಿತ ಪಕ್ಷದ ಶಾಸಕರು ಹಿಂಜರಿದರೆ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ಅವರಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳಿಂದ ಬಂದವರು. ಅವರ ಮತದಾರರಲ್ಲಿ ನಿಮ್ಮ ಪಂಚಾಯಿತಿ ಸದಸ್ಯರೂ ಸೇರಿದ್ದಾರೆ. ಸಚಿವರು 'ಮಾಡಿಸುತ್ತೇವೆ' ಎಂದು ಸದನದಲ್ಲಿ ಹೇಳಿದರೆ ಅದು ಭರವಸೆಯಾಗಿ ದಾಖಲಾಗುತ್ತದೆ. ಈಡೇರಿತೇ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಊರ ಸಮಾರಂಭದಲ್ಲಿ ಕೇಳಿಬಂದ 'ಮಾಡಿಸೋಣ' ಎಂಬ ಮಾತನ್ನು ಹೀಗೆ ಬೆನ್ನಟ್ಟುವವರು ಯಾರೂ ಇಲ್ಲ.

ದೊಡ್ಡ ವಿಷಯವಾದರೆ ಬೀದಿಗೂ ಇಳಿಯಬೇಕಾಗುತ್ತದೆ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡವೆಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. ಜೊತೆಜೊತೆಗೇ ಯೋಜನೆಯ ದಾಖಲೆಗಳನ್ನು ಓದಿದರು, ಆಕ್ಷೇಪಣೆ ಬರೆದರು, ಹಸಿರು ನ್ಯಾಯಮಂಡಳಿಗೂ ಹೋದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿಯ ಕೂಗಿನ ಹಿಂದೆ ಕಾಗದದ ಕೆಲಸವೂ ಇದ್ದದ್ದರಿಂದಲೇ ಅದು ಗೆದ್ದಿತು ಎಂದು ನಾನು ನಂಬುತ್ತೇನೆ.

ಗ್ರಾಮ ಪಂಚಾಯಿತಿಗಳ ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಹಳ್ಳ ಇಳಿದ ಮೇಲೆ ಮರೆತುಬಿಡಬೇಡಿ. ನಿಮ್ಮ ಊರಿನ ಗ್ರಾಮಸಭೆ ಯಾವತ್ತು ಎಂದು ಪಂಚಾಯಿತಿ ಕಚೇರಿಯಲ್ಲಿ ನಾಳೆಯೇ ಕೇಳಿಕೊಂಡು ಬನ್ನಿ, ಬರುವಾಗ ಆಚೆ ದಡದ ಮನೆಗಳಿಗೂ ತಿಳಿಸಿ.