ಕರೆಗಾವಲು: ಕಾಯುವ ಹೊತ್ತು ಯಾರದು?

ನೌಕರನು ದಿನದ ಪಾಳಿ ಮುಗಿಸಿ ಮನೆಗೆ ಹೋದ ಮೇಲೂ, ಕರೆ ಬಂದೊಡನೆ ಕೆಲಸಕ್ಕೆ ಹಾಜರಾಗಲು ಸಿದ್ಧನಾಗಿರಬೇಕೆಂಬ ಕಟ್ಟಳೆಗೆ ‘ಆನ್‌ಕಾಲ್ ಡ್ಯೂಟಿ’ ಎಂದು ಹೆಸರು. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದವಿಲ್ಲವಾದ್ದರಿಂದ ಈ ಲೇಖನದ ಮಟ್ಟಿಗೆ ‘ಕರೆಗಾವಲು’ ಎಂದಿಟ್ಟುಕೊಳ್ಳೋಣ. ಕರೆ ಬಂದ ಮೇಲೆ ದುಡಿಯುವ ಹೊತ್ತು ಕೆಲಸವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕರೆ ಬಾರದೆ ಕಳೆದುಹೋದ ಹೊತ್ತಿನದೇ ಜಗಳ. ಅದು ನೌಕರನ ವಿರಾಮವೋ, ಮಾಲೀಕನ ಸೇವೆಯೋ?

ಬಸವಸಾಗರ ಅಣೆಕಟ್ಟಿನ ಪಕ್ಕದಲ್ಲಿ ಬೆಳೆದ ನಾರಾಯಣಪುರದವರಿಗೆ ಕರೆಗಾವಲು ಹೊಸದಲ್ಲ. ಅಣೆಕಟ್ಟಿಗೆ 30 ಬಾಗಿಲುಗಳಿವೆ. ಮಳೆ ಬೀಳುವುದು ದೂರದ ಸಹ್ಯಾದ್ರಿಯಲ್ಲಿ. ನೀರು ಮೊದಲು ತುಂಬುವುದು ಆಲಮಟ್ಟಿಯಲ್ಲಿ. ಅಲ್ಲಿಂದ ಹೊರಬಿದ್ದ ನೀರಿಗೆ ಇಲ್ಲಿ ಎಡೆಯಿಲ್ಲದಿದ್ದರೆ ನಡುರಾತ್ರಿಯಾದರೂ ಗೇಟು ಎತ್ತಲೇಬೇಕು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಇಲ್ಲಿಂದ ಐದು ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿ ನೀರು ಕೆಳಗಿಳಿಯಿತು. ಅಂಥ ರಾತ್ರಿಗಳಲ್ಲಿ ಗೇಟಿನ ಬಳಿ ಮನುಷ್ಯನಿಲ್ಲದಿದ್ದರೆ ನದಿಯ ದಂಡೆಯ ಊರುಗಳ ಗತಿಯೇನು? ಆದುದರಿಂದ ಕರೆಗಾವಲೇ ಬೇಡವೆನ್ನುವುದು ಅವಿವೇಕ. ಯಾರ ಒಪ್ಪಿಗೆಯಿಂದ, ಯಾವ ಕ್ರಮದಿಂದ, ಯಾರ ಖರ್ಚಿನಲ್ಲಿ ಅದು ನಡೆಯಬೇಕೆಂಬುದೇ ವಿಚಾರಿಸಬೇಕಾದ ವಿಷಯ.

ಈ ವಿಷಯ ನಮ್ಮ ಮನೆಯೊಳಕ್ಕೇ ಬಂದದ್ದು ಹೀಗೆ. ನನ್ನ ಅಣ್ಣ ಖಾಸಗಿ ಕಂಪನಿಯೊಂದರಲ್ಲಿ ಪಂಪು ನಡೆಸುವ ಕೆಲಸದಲ್ಲಿದ್ದಾನೆ. ಒಂದು ದಿನ ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದರಂತೆ. ಮರುದಿನದಿಂದಲೇ ಪ್ರತಿಯೊಬ್ಬನೂ ವಾರ ಬಿಟ್ಟು ವಾರ ಸಂಜೆ ಆರರಿಂದ ಬೆಳಗಿನ ಆರರ ತನಕ ಫೋನು ತೆರೆದಿಟ್ಟಿರತಕ್ಕದ್ದು, ಕರೆದರೆ ಅರ್ಧ ಗಂಟೆಯೊಳಗೆ ಬರತಕ್ಕದ್ದು, ಬಾರದಿದ್ದರೆ ಗೈರುಹಾಜರಿ. ಭತ್ಯೆಯ ಸೊಲ್ಲೇ ಇಲ್ಲ. ಮೊದಲ ತಿಂಗಳಲ್ಲಿ ಅವನಿಗೆ ಬಂದ ಕರೆಗಳು ಎರಡೇ. ‘ಎರಡು ರಾತ್ರಿ ತಾನೇ, ಉಳಿದದ್ದೆಲ್ಲ ಮಲಗಿದ್ದಿಯಲ್ಲ’ ಎಂದು ಮೇಲ್ವಿಚಾರಕರು ನಕ್ಕರಂತೆ. ಆದರೆ ಅವನು ಮಲಗಿದ್ದನೇ? ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಪಡಸಾಲೆಯ ಕಿಟಕಿಯಲ್ಲಿ ಮಾತ್ರ. ಅವನ ಹಾಸಿಗೆ ಅಲ್ಲಿಗೆ ಹೋಯಿತು. ರಾತ್ರಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ಸೋದರಮಾವನ ಮನೆಯ ಮದುವೆಗೆ ನಾವೆಲ್ಲ ಹೋದರೂ ಅವನು ಹೋಗಲಿಲ್ಲ. ಅವ್ವ ಮಾತ್ರ ‘ಪಗಾರ ಒಬ್ಬಂದು, ಕಾವಲು ಮನಿಮಂದಿದು’ ಎಂದಳು. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ನಾನು ಇಷ್ಟು ಸ್ಪಷ್ಟವಾದ ಲೆಕ್ಕವನ್ನು ಕಂಡಿಲ್ಲ.

ಈಗ ಕಾಯಿದೆಯ ಕಡೆಗೆ ಬರೋಣ. ಸೇವೆಯ ಷರತ್ತುಗಳನ್ನು ಮಾಲೀಕನು ಮನಬಂದಂತೆ, ರಾತ್ರಿ ಬೆಳಗಾಗುವುದರೊಳಗೆ ಬದಲಿಸುವಂತಿಲ್ಲವೆಂಬುದು ನಮ್ಮ ದೇಶದಲ್ಲಿ ಹಳೆಯ ತತ್ವ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1956ರ ತಿದ್ದುಪಡಿಯಿಂದ 9-ಎ ಎಂಬ ಕಲಮು ಸೇರಿತು. ಕೂಲಿ, ಭತ್ಯೆ, ಕೆಲಸದ ವೇಳೆ, ನಡುವಿನ ವಿಶ್ರಾಂತಿ, ಶಿಸ್ತಿನ ಹೊಸ ನಿಯಮ ಮುಂತಾದವುಗಳಲ್ಲಿ ಬದಲಾವಣೆ ಮಾಡಬೇಕಾದರೆ, ಬಾಧಿತರಾಗುವ ಕಾರ್ಮಿಕರಿಗೆ ನೋಟೀಸು ಕೊಡಬೇಕು. ಕೊಟ್ಟ ಮೇಲೂ 21 ದಿನಗಳ ತನಕ ಬದಲಾವಣೆಯನ್ನು ಜಾರಿಗೆ ತರಕೂಡದು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಇದೇ ನಿಯಮ 40ನೆಯ ಕಲಮಾಗಿ ಉಳಿದಿದೆ. ಅಂದಮೇಲೆ ‘ಮರುದಿನದಿಂದಲೇ’ ಎಂಬ ಚೀಟಿ ಕಾಯಿದೆಯ ಕಣ್ಣಿಗೆ ನೋಟೀಸೇ ಅಲ್ಲ.

ಮನೆಯಲ್ಲಿ ಕಾಯುವುದು ‘ಕೆಲಸದ ವೇಳೆ’ಯೇ ಅಲ್ಲವೆಂದು ಮಾಲೀಕರು ವಾದಿಸಬಹುದು. ಹಾಗೆಯೇ ಇರಲಿ. ಬಾರದಿದ್ದರೆ ಗೈರುಹಾಜರಿಯೆಂಬ ಬೆದರಿಕೆ ಶಿಸ್ತಿನ ಹೊಸ ನಿಯಮವಲ್ಲದೆ ಮತ್ತೇನು? ಆ ಬಾಗಿಲಿನಿಂದಲೂ 40ನೆಯ ಕಲಮು ಒಳಗೆ ಬರುತ್ತದೆಂದೇ ನನ್ನ ತಿಳುವಳಿಕೆ. ನೋಟೀಸು ಕೊಟ್ಟೊಡನೆ ಎಲ್ಲವೂ ಸಕ್ರಮವಾಯಿತೆಂದೂ ಅಲ್ಲ. ಕಾರ್ಮಿಕರು ವಿವಾದ ಎತ್ತಬಹುದು; ಅದು ಸಂಧಾನಾಧಿಕಾರಿಯ ಮುಂದಿರುವಾಗ, ಅದೇ ವಿಷಯದಲ್ಲಿ ಅವರಿಗೆ ಹಾನಿಯಾಗುವಂತೆ ಷರತ್ತುಗಳನ್ನು ಬದಲಿಸುವಂತಿಲ್ಲ. ಅಣ್ಣ ಮತ್ತು ಅವನ ಜೊತೆಯವರು ಈ ಕಲಮನ್ನು ಹೆಸರಿಸಿಯೇ ಅರ್ಜಿ ಬರೆದುಕೊಟ್ಟರು. ಚೀಟಿ ಇಳಿಯಿತು, ಸರದಿಯ ಪಟ್ಟಿಯೂ, ರಾತ್ರಿ ದುಡಿದವನಿಗೆ ಮರುದಿನ ಬಿಡುವೂ ಬಂದವು. ಭತ್ಯೆ ಮಾತ್ರ ಇನ್ನೂ ಮಾತುಕತೆಯಲ್ಲಿಯೇ ಇದೆ.

ಕರೆಗೆ ಓಗೊಟ್ಟು ದುಡಿದ ಗಂಟೆಗಳ ಮಾತು ಸುಲಭ. ಕೆಲಸದ ಸುರಕ್ಷತೆ ಮತ್ತು ಆರೋಗ್ಯಗಳನ್ನು ಕುರಿತ 2020ರ ಇನ್ನೊಂದು ಸಂಹಿತೆಯ ಪ್ರಕಾರ ದಿನಕ್ಕೆ ಎಂಟು ಗಂಟೆಯೇ ಸಾಮಾನ್ಯ ಮಿತಿ. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಸಮ್ಮತಿ ಬೇಕು, ಎರಡು ಪಟ್ಟು ಕೂಲಿ ಕೊಡಬೇಕು.

ಕಾಯುವ ಗಂಟೆಗಳೇ ಕಠಿಣ. ಈ ಸಂಹಿತೆಗಳಲ್ಲಿ ಅವಕ್ಕೆ ಬೆಲೆ ಕಟ್ಟಿಲ್ಲ. ಆದರೆ ಭಾರತದ ಶಾಸನಕ್ಕೆ ಕಾಯುವಿಕೆ ಅಪರಿಚಿತವಲ್ಲ. ನಮ್ಮ ಯಾದಗಿರಿ ನಿಲ್ದಾಣದ ಮೂಲಕ ಮುಂಬಯಿ-ಚೆನ್ನೈ ರೈಲುಗಳು ಹಾದುಹೋಗುತ್ತವೆ. ಆ ರೈಲ್ವೆಯ ನೌಕರರಲ್ಲಿ, ಪಾಳಿಯ ಅರ್ಧದಷ್ಟಾದರೂ ಹೊತ್ತು ಕೈಕೆಲಸವಿಲ್ಲದೆ ಕಾಯುವವರನ್ನು 1989ರ ರೈಲ್ವೆ ಕಾಯಿದೆ ಬೇರೆ ವರ್ಗವಾಗಿಯೇ ಎಣಿಸುತ್ತದೆ. ಸತತ ಕೆಲಸದವರಿಗೆ ವಾರಕ್ಕೆ ಸರಾಸರಿ 54 ಗಂಟೆಯ ಮಿತಿಯಾದರೆ, ಇವರಿಗೆ 75 ಗಂಟೆ. ಲೆಕ್ಕ ಉದಾರವಾದುದೆಂದು ನಾನು ಹೇಳಲಾರೆ. ಆದರೂ ಕಾಯುವ ಹೊತ್ತು ಸೊನ್ನೆಯಲ್ಲವೆಂದು ಅದು ಒಪ್ಪಿಕೊಂಡಿದೆ. ಅದಕ್ಕೂ ಒಂದು ಮೇರೆಯಿದೆ.

ಹೊರದೇಶಗಳ ನ್ಯಾಯಾಲಯಗಳು ಇನ್ನೂ ಸೂಕ್ಷ್ಮವಾಗಿ ತೂಗಿವೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಮಾಂಸದ ಕಾರ್ಖಾನೆಯೊಂದರ ಏಳು ನೌಕರರು ಬೆಂಕಿಯ ಭಯಕ್ಕಾಗಿ ವಾರದಲ್ಲಿ ಮೂರು ನಾಲ್ಕು ರಾತ್ರಿ ಅಲ್ಲೇ ತಂಗುತ್ತಿದ್ದರು. ಕರೆ ಬರುತ್ತಿದ್ದುದು ಅಪರೂಪ. 1944ರಲ್ಲಿ ಆ ದೇಶದ ಸುಪ್ರೀಂ ಕೋರ್ಟು, ಕಾಯುವುದೂ ಕೆಲಸವಾಗಬಲ್ಲದು, ಆಯಾ ಸಂದರ್ಭವನ್ನು ನೋಡಿ ತೀರ್ಮಾನಿಸಬೇಕು ಎಂದಿತು. ಬೆಲ್ಜಿಯಂ ದೇಶದ ನಿವೆಲ್ ಪಟ್ಟಣದ ಅಗ್ನಿಶಾಮಕನೊಬ್ಬನು ಕರೆ ಬಂದ ಎಂಟು ನಿಮಿಷಗಳಲ್ಲಿ ಠಾಣೆ ಸೇರಬೇಕಾಗಿತ್ತು. ಮನೆಯಲ್ಲಿದ್ದರೂ ಅದು ದುಡಿಮೆಯ ಹೊತ್ತೇ ಎಂದು ಐರೋಪ್ಯ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. ಅದೇ ನ್ಯಾಯಾಲಯದ 2021ರ ತೀರ್ಪು ನಮಗೆ ಇನ್ನೂ ಹತ್ತಿರದ್ದು. ಸ್ಲೊವೇನಿಯ ದೇಶದಲ್ಲಿ ಬೆಟ್ಟದ ಮೇಲಿನ ಪ್ರಸಾರ ಕೇಂದ್ರದ ತಂತ್ರಜ್ಞನಿಗೆ ಒಂದು ಗಂಟೆಯ ಗಡುವು. ಊರು ದೂರ, ಹೊತ್ತು ಕಳೆಯಲು ಅನುಕೂಲವಿಲ್ಲ ಎಂಬಷ್ಟರಿಂದಲೇ ಕಾಯುವ ಹೊತ್ತು ದುಡಿಮೆಯಾಗದು; ಮಾಲೀಕನು ಹೇರಿದ ನಿರ್ಬಂಧ ನೌಕರನ ಸ್ವಂತ ಹೊತ್ತನ್ನು ಬಹುವಾಗಿ ಕಸಿದಿದೆಯೇ ಎಂಬುದನ್ನು ನೋಡಬೇಕು ಎಂದರು. ಈ ತಕ್ಕಡಿಯಲ್ಲಿ ಅಣ್ಣನ ಅರ್ಧ ಗಂಟೆ ಯಾವ ಕಡೆಗೆ ವಾಲುತ್ತದೆಂಬುದನ್ನು ವಾಚಕರೇ ಊಹಿಸಲಿ. ಎಂಟು ನಿಮಿಷವಂತೂ ಅಲ್ಲ. ಆದರೆ ನಮ್ಮ ರಸ್ತೆಗಳಲ್ಲಿ ಅರ್ಧ ಗಂಟೆಯೆಂದರೆ ಊರು ಬಿಟ್ಟು ಕದಲುವಂತಿಲ್ಲ ಎಂದೇ ಅರ್ಥ.

ಸರಕಾರಿ ನೌಕರಿಯನ್ನು ಬಯಸುವ ನನ್ನ ಸಹಪಾಠಿಗಳು ಒಂದನ್ನು ಗಮನಿಸಬೇಕು. ಸರಕಾರದ ಸೇವಾನಿಯಮಗಳಿಗೆ ಒಳಪಟ್ಟವರಿಗೆ ಮೇಲೆ ಹೇಳಿದ 21 ದಿನಗಳ ನೋಟೀಸಿನ ಆಸರೆ ಇಲ್ಲ. ನೌಕರನ ಪೂರ್ಣ ವೇಳೆ ಸರಕಾರದ ಅಧೀನವೆಂಬ ಹಳೆಯ ಸೂತ್ರ ಅವರ ಮೇಲಿದೆ. ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಿಗೆ ಹೋಗುವವರ ಪಾಡು ಬೇರೆ. ಅಲ್ಲಿ ಕರೆಗಾವಲು ನೇಮಕದ ಪತ್ರದಲ್ಲಿಯೇ ಅಡಗಿರಬಹುದು. ಮೊದಲೇ ಸಹಿ ಹಾಕಿದ ಷರತ್ತನ್ನು ಆಮೇಲೆ ‘ಬದಲಾವಣೆ’ ಎನ್ನಲಾಗದು. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಗಳ ದುಡಿಮೆಗೆ ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಆ ನೌಕರರ ಸಂಘ ಬೀದಿಗಿಳಿಯಿತು. ಅಲ್ಲಿ ಸಂಘವೆಂಬುದು ಇರುವುದೇ ಆಗ ನಮ್ಮಲ್ಲಿ ಅನೇಕರಿಗೆ ತಿಳಿದದ್ದು.

ಇಂಥ ಕಾವಲಿಗೆ ಈಗಾಗಲೇ ಸಿಕ್ಕಿಕೊಂಡವರು ಒಂದು ನೋಟುಬುಕ್ಕು ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ರಾತ್ರಿ ಸರದಿ, ಕರೆ ಬಂದ ಗಂಟೆ, ಮನೆ ಬಿಟ್ಟ ಗಂಟೆ, ಮರಳಿದ ಗಂಟೆ, ಕರೆದವರು ಯಾರು. ಹೆಚ್ಚುವರಿ ದುಡಿಮೆಯನ್ನು ದಿನದ ಲೆಕ್ಕದಲ್ಲಿಯೋ ವಾರದ ಲೆಕ್ಕದಲ್ಲಿಯೋ, ಯಾವುದು ಕಾರ್ಮಿಕನಿಗೆ ಅನುಕೂಲವೋ ಹಾಗೆ ಎಣಿಸಬೇಕೆಂದು ಸಂಹಿತೆ ಹೇಳುತ್ತದೆ. ಎಣಿಸಲು ಗಂಟೆಗಳು ಎಲ್ಲಿಯಾದರೂ ಬರೆದಿರಬೇಕಷ್ಟೆ.